ಖಾಲಿ ಫ್ಲ್ಯಾಶ್

ಮೊನ್ನೆ ಬೀರು ತೆಗೆದಾಗ ಚರ್ಮದ ಚೀಲದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಒಳಗೆ ಪಕ್ಕದ ಮನೆಯ ಕಾಕಾನ ಕ್ಯಾಮೆರಾ.

ಹೊಸಪೇಟೆಯ ನಮ್ಮ ಓಣಿಯಲ್ಲಿ ಅವರು ಮದುವೆ ಫೋಟೋಗ್ರಾಫರ್. ಕಸುಬು ಬಿಟ್ಟ ಮೇಲೆ ಹಳೆ ಕ್ಯಾಮೆರಾ ಕೂಡಿಸುವ ಹುಚ್ಚು ಹಿಡಿಯಿತು. ಸಂಡೂರು, ಕಂಪ್ಲಿ... ಯಾರ ಅಟ್ಟದಲ್ಲಿ ಸಿಕ್ಕರೂ ತಂದು, ಒರೆಸಿ, ಗಾಜಿನ ಕಪಾಟಿನಲ್ಲಿ ಇಡುತ್ತಿದ್ದರು. ಅವುಗಳಲ್ಲಿ ಫೋಟೋ ಹೊಡೆದದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಬರೀ ಒರೆಸುವುದಕ್ಕೆ ಅಷ್ಟೊಂದು ಯಾಕೆ ಬೇಕು?

ನನಗೆ ಅವರ ಮೇಲೆ ಮೊದಲಿನಿಂದಲೂ ಅನುಮಾನ. ಮದುವೆಯಲ್ಲಿ ಬೀಗರು ಫೋಟೋಗೆ ಮುಗಿಬಿದ್ದರೆ, ಕ್ಯಾಮೆರಾ ಒತ್ತದೆ ಬರೀ ಫ್ಲ್ಯಾಶ್ ಬೆಳಗಿಸಿ ಕಳಿಸುತ್ತಿದ್ದೆ ಎಂದು ಅವರೇ ನಗುತ್ತ ಹೇಳಿದ್ದರು. ಅದಕ್ಕೆ ಖಾಲಿ ಫ್ಲ್ಯಾಶ್ ಎನ್ನುತ್ತಾರಂತೆ. ಬೀಗರೂ ಖುಷಿ, ರೀಲೂ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಮ್ಮವ್ವ ಫೋಟೋಗೆ ನಿಂತವಳೇ ಅಲ್ಲ. ಆಯುಷ್ಯ ಕಡಿಮೆಯಾಗುತ್ತದೆಂಬ ಹೆದರಿಕೆ. ಕಾಯಿಲೆ ಬಿದ್ದ ಮೇಲೆ ಒಂದು ದಿನ ತಾನಾಗಿಯೇ ಇಳಕಲ್ ಸೀರೆ ಉಟ್ಟು ಕಾಕಾನ ಪಡಸಾಲೆಗೆ ಹೋದಳು.

“ಅಣ್ಣಾ, ನಂದೊಂದು ಫೋಟೋ ಹೊಡಿರಿ. ಆಯುಷ್ಯ ಇನ್ನೇನು ಕಡಿಮಿ ಆಗೋದೈತಿ?”

“ಕುಂದ್ರು ತಂಗಿ” ಎಂದು ಕಾಕಾ ಕಪಾಟಿನಿಂದ ಈ ಕ್ಯಾಮೆರಾ ತೆಗೆದರು. ಫ್ಲ್ಯಾಶ್ ಬೆಳಗಿತು. ಅವ್ವ ಕಣ್ಣು ಕಿರಿದು ಮಾಡಿ ನಕ್ಕಳು.

ಆಮೇಲೆ ನಾನು ಕೇಳಿದಾಗಲೆಲ್ಲ ಒಂದೇ ಮಾತು: “ರೀಲ್ ಮುಗೀಲಿ ತಡೀಲೇ, ತೊಳಸ್ತೀನಿ.”

ಅವ್ವ ಹೋದಳು. ಅದೇ ವಾರ ಕಾಕಾಗೆ ಲಕ್ವಾ ಹೊಡೆದು ಮಾತು ನಿಂತಿತು. ನನ್ನನ್ನು ಕಂಡಾಗ ಕಪಾಟಿನ ಕಡೆ ಕೈ ಮಾಡುತ್ತಿದ್ದರು. ಸಾಯುವವಳಿಗೂ ಖಾಲಿ ಫ್ಲ್ಯಾಶ್ ಹೊಡೆದ ಮುದುಕ ಎಂದುಕೊಂಡು ಮುಖ ತಿರುಗಿಸಿ ನಡೆಯುತ್ತಿದ್ದೆ...

ಅವರು ತೀರಿದ ಮೇಲೆ ಮಗಳು ಕ್ಯಾಮೆರಾ ತಂದುಕೊಟ್ಟಳು. “ನಮ್ಮಪ್ಪ ಇದನ್ನ ನಿಮಗ ಕೊಡು ಅಂತ ಕೈಸನ್ನಿ ಮಾಡ್ತಿದ್ದರಿ.”

“ಒಳಗ ಏನೂ ಇಲ್ಲ ಬಿಡವ್ವಾ, ನೋಡಿಲ್ಲಿ” ಎಂದು ಅಂಗಳದ ಬಿಸಿಲಿನಲ್ಲೇ ಹಿಂದಿನ ಮುಚ್ಚಳ ತೆರೆದೆ. ಅಷ್ಟು ಖಾತ್ರಿ ನನಗೆ.

ಒಳಗೆ ರೀಲಿತ್ತು.

ಬೆಳಕು ಬಿದ್ದರೆ ರೀಲು ಕೆಡುತ್ತದೆಂದು ಪಟ್ಟನೆ ಮುಚ್ಚಿದೆ. ಹುಬ್ಬಳ್ಳಿಗೆ ಹೋಗಿ ತೊಳೆಸಿದೆ. ರೀಲಿನ ಸುತ್ತಿನ ಒಳಗಿದ್ದ ಚಿತ್ರಗಳು ಉಳಿದಿದ್ದವು: ಹಂಪಿಯ ಬಂಡೆ, ಕಂಪ್ಲಿ ಹೊಳೆಯ ತೆಪ್ಪ, ಸಂಡೂರಿನ ಗುಡ್ಡ. ಯಾರಿಗೂ ತೋರಿಸದೆ, ಊರಿಗೊಂದರಂತೆ ಹೊಡೆದಿದ್ದರು. ಅವ್ವನದು ಕೊನೆಯದು, ಎಲ್ಲಕ್ಕೂ ಮೇಲೆ ಸುತ್ತಿಕೊಂಡದ್ದು. ಬಿಸಿಲು ಅದನ್ನು ತಿಂದುಹಾಕಿತ್ತು. ಒಂದು ಮೂಲೆಯಲ್ಲಿ ಇಳಕಲ್ ಸೆರಗಿನ ಅಂಚು ಮಾತ್ರ ಉಳಿದಿತ್ತು.

ಆ ಚಿತ್ರಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬಂದವರು ಯಾರ ಫೋಟೋ ಎಂದು ಕೇಳುತ್ತಾರೆ. ಅವ್ವನದು, ಪಕ್ಕದ ಮನೆ ಕಾಕಾ ಹೊಡೆದದ್ದು ಎನ್ನುತ್ತೇನೆ. ಹೀಗೇಕೆ ಬೆಳ್ಳಗಾಗಿದೆ ಎಂದರೆ, ಹಳೇ ಕ್ಯಾಮೆರಾ ನೋಡಿ... ಎಂದು ಇವತ್ತಿಗೂ ತಪ್ಪನ್ನು ಅವರ ಮೇಲೆಯೇ ಹಾಕುತ್ತೇನೆ.