ಸಿಲಿಂಡರಿನ ಮೇಲಿದ್ದ ಕೈ

ನಾನು ನಿಂತಿದ್ದುದು ಆಂಟಿಯ ಆರ್‌ವಿ ಗಾಡಿಯ ಬಾಗಿಲ ಪಕ್ಕದಲ್ಲಿ, ಜೋಳದ ಹಿಟ್ಟಿನ ಡಬ್ಬಿ ಹಿಡಿದುಕೊಂಡು. ಹೋದ ವರ್ಷಕ್ಕೂ ಹಿಂದಿನ ವರ್ಷದ ಬೇಸಿಗೆ, ಜುಲೈ ತಿಂಗಳ ಕೊನೆಯ ಶನಿವಾರ, ಕನ್ನಡ ಕೂಟದ ಪಿಕ್ನಿಕ್. ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಬಿಸಿಲು ನನ್ನ ಬೆನ್ನಿಗಿತ್ತು, ಆದ್ದರಿಂದ ಕಣ್ಣು ಕುಕ್ಕಿ ಏನೋ ತಪ್ಪಾಗಿ ಕಂಡಿತು ಎನ್ನುವ ಹಾಗಿಲ್ಲ. ನೀಲಿ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ವಾಕಿಂಗ್ ಶೂ ಹಾಕಿಕೊಂಡ ಆಂಟಿ ನನ್ನ ತೋಳಿಗೆ ತಾಗಿಯೇ ಮೆಟ್ಟಿಲಿಳಿದು ಓಡಿದರು.

ರಾಚೆಸ್ಟರ್ ಹಿಲ್ಸ್‌ನಲ್ಲಿ ಅವರದು ನಮ್ಮ ಎದುರು ಮನೆ. ಊರು ಧಾರವಾಡದ ಕಡೆ. ಪ್ಲಿಮತ್‌ನ ಒಂದು ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ, ಒಳಗೆ ಹಾಸಿಗೆ ಅಡಿಗೆಮನೆ ಎಲ್ಲ ಇರುವ ಆ ದೊಡ್ಡ ಗಾಡಿಯನ್ನು ಮಾರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ಮಾರಲಿಲ್ಲ. ಡ್ರೈವಿಂಗ್ ಸೀಟಿಗೆ ಒಂದು ದಿಂಬು ಹೆಚ್ಚಿಗೆ ಹಾಕಿಕೊಂಡರು, ಅಷ್ಟೇ.

ಜೋರು ಬಾಯಿಯ ಹೆಂಗಸು. ತಾವು ಮಾಡಿದ ಚಹಾ ಬಿಟ್ಟು ಬೇರೆಯವರದನ್ನು ಹೊಗಳಿದ್ದು ನಾನು ಕೇಳಿಲ್ಲ. ಗಾಡಿಯಲ್ಲಿ ಎರಡು ಬ್ರಷ್ ಇಟ್ಟಿರುತ್ತಿದ್ದರು, ತುಪ್ಪ ಸವರಲು ಒಂದು, ಗ್ಯಾಸ್ ಪೈಪಿನ ಕೀಲುಗಳಿಗೆ ಸೋಪಿನ ನೀರು ಸವರಲು ಇನ್ನೊಂದು. ಅದಲುಬದಲಾದರೆ ಪಿಕ್ನಿಕ್‌ಗೆ ಬಂದ ಅಷ್ಟೂ ಮನೆಯವರಿಗೆ ಕೇಳುವಂತೆ ಬೈಯುತ್ತಿದ್ದರು. "ಮೂಗು ಸುಳ್ಳು ಹೇಳತೈತಿ, ಗುಳ್ಳಿ ಹೇಳಂಗಿಲ್ಲ" ಎನ್ನುತ್ತಾ ಒಂದೊಂದು ಕೀಲಿನ ಮುಂದೆಯೂ ಬಗ್ಗಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದರು.

ಅವರ ಚಿಕ್ಕ ಗ್ರಿಲ್‌ನ ಪೈಪು ಗಾಡಿಯ ಬದಿಯಲ್ಲಿದ್ದ ಗ್ಯಾಸ್ ಬಾಯಿಗೆ ಸೇರುತ್ತಿತ್ತು. ಗಾಡಿಯ ಸಿಲಿಂಡರಿನ ಹತ್ತಿರವೇ ರೆಗ್ಯುಲೇಟರ್ ಇರುವುದರಿಂದ ಆ ಬಾಯಿಗೆ ಬರುವ ಗ್ಯಾಸಿನ ಒತ್ತಡ ಮೊದಲೇ ಇಳಿದಿರುತ್ತದೆ. ಗ್ರಿಲ್‌ಗೂ ಇನ್ನೊಂದು ರೆಗ್ಯುಲೇಟರ್ ಇದ್ದರೆ ಉರಿ ಸೊರಗಿ ರೊಟ್ಟಿ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೇ ಅವರು ಗ್ರಿಲ್‌ನದನ್ನು ಬಿಚ್ಚಿಸಿದ್ದರು. ಹಾಗೆ ಬಿಚ್ಚಿದ ಗ್ರಿಲ್ ಅನ್ನು ನೇರವಾಗಿ ಸಿಲಿಂಡರಿಗೆ ಮಾತ್ರ ಎಂದೂ ಸೇರಿಸಬಾರದು. ಅವರ ಅಳಿಯನಿಗೆ ಆ ಬೆಳಿಗ್ಗೆಯೇ, ನನ್ನೆದುರಿಗೇ ಇದನ್ನು ಹೇಳಿದ್ದರು.

"ಅತ್ತೆ, ಊರಲ್ಲಿ ಸಿಲಿಂಡರ್‌ಗೆ ಸ್ಟೌ ಕನೆಕ್ಟ್ ಮಾಡಿಲ್ವಾ ನಾವು? ಅದೇ ತಾನೇ ಇದು" ಎಂದು ಅಳಿಯ ನಕ್ಕರು.

"ಅಲ್ಲಿ ಸಿಲಿಂಡರಿನ ಕುತ್ತಿಗಿ ಮ್ಯಾಲೆ ಕುಂತಿರತೈತಲ್ರಿ, ಅದೇನು ಟೊಪ್ಪಿಗಿ ಅಂತ ತಿಳಿದೀರೇನು? ಅದೇ ರೆಗ್ಯುಲೇಟರ್."

ಮಧ್ಯಾಹ್ನ, ಕೂಟದವರ ಡೇರೆಯ ನೆರಳಿಗೆ ಗ್ರಿಲ್ ಬರಲಿ ಎಂದರು ಅಳಿಯ. ಗಾಡಿಯ ಪೈಪು ಅಲ್ಲಿಯವರೆಗೆ ಸಾಲಲಿಲ್ಲ. ಆಂಟಿ ಹಿಟ್ಟು ನಾದಲು ಒಳಗೆ ಹೋಗಿದ್ದರು. ಅಳಿಯ ಗಾಡಿಯ ಪೈಪು ಕಳಚಿದರು, ತಮ್ಮ ಕಾರಿನಿಂದ ಬೇರೊಂದು ಹೋಸ್ ತಂದರು, ಗ್ರಿಲ್‌ಗೂ ಡೇರೆಯಲ್ಲಿದ್ದ ಒಂದು ಸಿಲಿಂಡರಿಗೂ ನೇರವಾಗಿ ಜೋಡಿಸಿದರು. "ಆಂಟಿ ಬರಲಿ ತಡೀರಿ" ಎಂದು ನಾನು ಕೂಗಿದೆ. "ಅಯ್ಯೋ, ಟೂ ಮಿನಿಟ್ಸ್ ಕೆಲಸ" ಎಂದು ಲೈಟರ್ ಒತ್ತಿದರು.

ಬೆಂಕಿ ಆಳೆತ್ತರಕ್ಕೆ ಎದ್ದು ಡೇರೆಯ ಬಟ್ಟೆಗೆ ತಾಗಿತು. ಅಳಿಯ ಲೈಟರ್ ಹಿಡಿದುಕೊಂಡೇ ಹಿಂದಕ್ಕೆ ಸರಿದರು. ಆಂಟಿ ಬೆಂಕಿಯ ಕಡೆಗೆ ತಿರುಗಿಯೂ ನೋಡದೆ ಸಿಲಿಂಡರಿನ ಹತ್ತಿರ ಹೋಗಿ, ಅದರ ತಿರುಪನ್ನು ತಿರುಗಿಸಿ ಮುಚ್ಚಿದರು. ಗ್ರಿಲ್ ಆರಿತು. ಬಟ್ಟೆಗೆ ಹತ್ತಿದ್ದನ್ನು ಕುಡಿಯುವ ನೀರು ಎರಚಿ ನಂದಿಸಿದೆವು. ಅವರ ಮುಂಗೈಯ ಕೂದಲು ಸುಟ್ಟು ಚರ್ಮ ಕೆಂಪಗಾಗಿತ್ತು.

ವಾಲಿಬಾಲ್ ಬಿಟ್ಟು ಓಡಿಬಂದವರಿಗೆ ಕಂಡದ್ದು ಸುಟ್ಟ ಡೇರೆ ಮತ್ತು ಸಿಲಿಂಡರಿನ ಮೇಲೆ ಆಂಟಿಯ ಕೈ. ಅಳಿಯ ಅವರಿಗೆ ಹೇಳಿದ್ದು ಇಷ್ಟು: "ಅತ್ತೆಗೆ ವಯಸ್ಸಾಯ್ತಲ್ವಾ. ರೆಗ್ಯುಲೇಟರ್ ತೆಗೆದಿಟ್ಟು ಮರೆತುಬಿಟ್ಟಿದ್ದಾರೆ."

"ನಾ ಮರ್ತಿಲ್ಲ!" ಎಂದರು ಆಂಟಿ.

ಪಕ್ಕದಲ್ಲಿದ್ದ ಮಗಳು ಅವರ ಕಿವಿಯ ಹತ್ತಿರ ಬಾಗಿ, "ಅಮ್ಮ, ಎಲ್ಲಾರ ಮುಂದ ಬ್ಯಾಡ. ಅಳಿಯನ ಮರ್ಯಾದಿ ನೋಡು. ನಿಂದೇ ತಪ್ಪು ಅಂತ ಇರ್ಲಿ ಬಿಡು" ಎಂದಳು.

"ಯಾಕ ಇರಬೇಕು? ಅಳಿಯ ದೇವರೇ ಇರ್ಲಿ. ದೇವರಿಗೆ ರೆಗ್ಯುಲೇಟರ್ ಬ್ಯಾಡೇನು?"

ಯಾರೋ ನಕ್ಕರು. ನಾನು ಕಂಡದ್ದನ್ನು ಅಲ್ಲಿಯೇ ಹೇಳಿದೆ. ಕೊನೆಯವರೆಗೆ ಹೇಳಿದೆ. ಆ ಹೊತ್ತಿಗೆ ಜನ ಊಟದ ಸಾಲಿನ ಕಡೆ ಹೊರಟಿದ್ದರು.

ಮುಂದಿನ ವಾರ ಮಗಳೂ ಅಳಿಯನೂ ಗಾಡಿಯ ಕೀ ಕೇಳಲು ಬಂದರು. ಇನ್ನು ಓಡಿಸುವುದು ಬೇಡ, ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆಯೂ ಆಗಲಿ ಎಂದರು. ಆಂಟಿ ನನ್ನನ್ನು ಕರೆಸಿಕೊಂಡರು. "ಏನು ನೋಡೀದಿ, ಅದನ್ನ ಹೇಳಪಾ. ಒಂದು ಮಾತೂ ಸೇರಿಸಬ್ಯಾಡ." ಹೇಳಿದೆ. "ಇದು ಫ್ಯಾಮಿಲಿ ಮ್ಯಾಟರ್, ನೀವು ಮಧ್ಯ ಬರಬೇಡಿ" ಎಂದರು ಅಳಿಯ.

ಆಂಟಿ ಕೀಯನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದರು. "ನಾ ಮರ್ತಿದ್ರ ಕೊಟ್ಟುಬಿಡತಿದ್ದೆ. ಮರ್ತಿಲ್ಲ, ಕೊಡಂಗಿಲ್ಲ. ಚಹಾ ಕುಡೀರಿ."

ಪರೀಕ್ಷೆಗೆ ತಾವೇ ಗಾಡಿ ಓಡಿಸಿಕೊಂಡು ಹೋದರು. ಏನೂ ತೊಂದರೆಯಿಲ್ಲ ಎಂದರಂತೆ ಡಾಕ್ಟರು. ಹೋದ ಬೇಸಿಗೆಯ ಪಿಕ್ನಿಕ್‌ಗೂ ಬಂದರು. ಗಾಡಿಯನ್ನು ಮೈದಾನದ ನಟ್ಟನಡುವೆ ನಿಲ್ಲಿಸಿ, ಎಲ್ಲರ ಕಣ್ಣೆದುರಿಗೇ ಗ್ರಿಲ್‌ನ ಪೈಪನ್ನು ಗಾಡಿಗೆ ಸೇರಿಸಿದರು, ಸೋಪಿನ ನೀರು ಸವರಿದರು, ಬಗ್ಗಿ ನೋಡಿದರು. "ಬರ್ರಿ, ಮರವಿನ ಮುದುಕಿ ರೊಟ್ಟಿ ತಿನ್ನಬರ್ರಿ" ಎಂದು ಕೂಗಿದರು. ಸಾಲಿನಲ್ಲಿ ಮೊದಲು ನಿಂತವನು ನಾನು.

ಈ ವರ್ಷ ಯುಗಾದಿಗೆ ಮುಂಚೆ ಹೃದಯಾಘಾತದಿಂದ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟದಲ್ಲಿ ಒಬ್ಬರು ಪ್ರೀತಿಯಿಂದಲೇ ಹೇಳಿದರು: "ಪಾಪ, ಡೇರೆ ಸುಟ್ಟಿದ್ದು ನೆನಪಿದ್ಯಾ? ಆಗಲೇ ಮರೆವು ಶುರುವಾಗಿತ್ತು." ನಾನು ಎಲೆಯ ಮುಂದಿನಿಂದ ಎದ್ದೆ. ಅಲ್ಲ ಎಂದೆ. "ಹೋದವರ ವಿಷಯ, ಈಗ್ಯಾಕೆ ಬಿಡಿ" ಎಂದರು. ಹೋದವರ ವಿಷಯ ಎಂದೇ ಬಿಡಲಾರೆ. ಇನ್ನು ಅವರು ತಾವೇ ಬಾಯಿ ಮಾಡಿ ಹೇಳಿಕೊಳ್ಳುವಂತಿಲ್ಲವಲ್ಲ.

ನನ್ನೊಬ್ಬನ ಮಾತು ಸಾಲದು ಎನ್ನುವವರಿಗೆ ಹೇಳುತ್ತೇನೆ. ಡೇರೆಯ ಕಂಬದ ಪಕ್ಕ ಕಲ್ಲಂಗಡಿ ಹೆಚ್ಚುತ್ತಿದ್ದವರು ಪ್ಲಿಮತ್‌ನ ಪ್ರಭಾಕರ ಅಂಕಲ್. ಅವರು ಇದ್ದಾರೆ. ನೀರಿನ ಕ್ಯಾನು ಎತ್ತಿ ಮೊದಲು ಎರಚಿದವರು ಇಟಾಸ್ಕಾದಿಂದ ಬಂದಿದ್ದ ಶಾಹಿದಾ ಆಂಟಿ. ಅವರೂ ಇದ್ದಾರೆ. ಅಳಿಯ ಹೋಸ್ ಜೋಡಿಸುವಾಗ ಸಿಲಿಂಡರ್ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದವಳು ಆಂಟಿಯ ಮಗಳು. ಅವಳೂ ಇದ್ದಾಳೆ.