ಚಕ್ರಪಾಣಿಯವರ ‘ನೋಡೋಣ’

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದಲ್ಲ. ಮುಕ್ಕಾಲು ಪಾಲು ಮೈಸೂರಿನದು.

ಮೈಸೂರಿನ ಚಕ್ರಪಾಣಿಯವರಿಗೆ ಮೂವತ್ತೆಂಟು ವರ್ಷ, ನೈರೋಬಿಗೆ ಬಂದು ಒಂಬತ್ತಾಯಿತು. ಭಾರತೀಯರೊಬ್ಬರ ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಮ್ಯಾನೇಜರ್. ಕಿಲಿಮಾನಿಯ ಫ್ಲ್ಯಾಟಿನಲ್ಲಿ ಒಬ್ಬರೇ ವಾಸ. ಮಾತ್ರೆಯ ಅಂಚು ಚೂರು ಮುಕ್ಕಾಗಿದ್ದರೂ ಇಡೀ ಬ್ಯಾಚನ್ನೇ ಬೇಡವೆಂದು ಬರೆದು ಸಹಿ ಹಾಕುವವರು. ಆದರೆ ಮನುಷ್ಯರ ಎದುರು ಕೂತರೆ ‘ಬೇಡ’ ಎನ್ನುವ ಎರಡಕ್ಷರ ಬಾಯಿಗೆ ಬರುವುದಿಲ್ಲ. ಸ್ವಾಹಿಲಿಯಲ್ಲಿ ಬರುತ್ತದೆ, ಸಿಗ್ನಲ್ಲಿನಲ್ಲಿ ಬಾಳೆಹಣ್ಣು ಮಾರುವವರಿಗೆ ‘ಹಪಾನಾ, ಅಸಾಂಟೆ’ ಎಂದು ಸಲೀಸಾಗಿ ಹೇಳಿ ಗಾಜು ಏರಿಸುತ್ತಾರೆ. ಕನ್ನಡದಲ್ಲಿ ಮಾತ್ರ ಆಗುವುದಿಲ್ಲ. ಹೈರಿಡ್ಜಿನ ನಮ್ಮ ಮನೆಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ಏಳನೆಯ ನೀರುದೋಸೆ ತಿಂದದ್ದನ್ನು ನಾನೇ ಕಂಡಿದ್ದೇನೆ.

ಅಂಥವರಿಗೆ ನಾನು ಒಂದು ಹುಡುಗಿಯ ವಿಷಯ ಎತ್ತಿದೆ. ಲೊರೆಶೋದಲ್ಲಿರುವ ನಿವೃತ್ತ ಲೆಕ್ಚರರ್ ಲಕ್ಷ್ಮೀಕಾಂತರ ಒಬ್ಬಳೇ ಮಗಳು ವಿಭಾ. ಇಲ್ಲೇ ಹುಟ್ಟಿ ಬೆಳೆದವಳು, ಫಿಸಿಯೋಥೆರಪಿಸ್ಟ್, ವಯಸ್ಸು ಮೂವತ್ತನಾಲ್ಕು. ಚಕ್ರಪಾಣಿಯವರು ಕಾಫಿ ಲೋಟ ನೋಡುತ್ತಾ ‘ನೋಡೋಣ’ ಎಂದರು. ನಾನು ಪುತ್ತೂರಿನವಳು. ನಮ್ಮಲ್ಲಿ ‘ನೋಡುವ’ ಎಂದರೆ ನೋಡುವುದೇ. ಮೈಸೂರಿನವರು ‘ಬೇಡ’ಕ್ಕೆ ‘ನೋಡೋಣ’ ಎನ್ನುತ್ತಾರೆಂದು ನನಗೆ ಯಾರು ಹೇಳಿದ್ದರು? ಮುಂದಿನ ಭಾನುವಾರವೇ ಹೆಣ್ಣು ನೋಡಲು ಕರೆದುಕೊಂಡು ಹೋದೆ.

ಲಕ್ಷ್ಮೀಕಾಂತರೂ ನಮ್ಮ ಮಂಗಳೂರು ಕಡೆಯವರು. ದಿನ ಚೆನ್ನಾಗಿದೆ, ಇವತ್ತೇ ತಾಂಬೂಲ ಬದಲಾಯಿಸಿಕೊಳ್ಳುವ ಅಲ್ಲವೇ ಎಂದು ಕೇಳಿದರು. ಚಕ್ರಪಾಣಿಯವರು ಇನ್ನೂ ಮೆತ್ತಗೆ ‘ನೋಡೋಣ ಸಾರ್’ ಎಂದರು. ಮರುಕ್ಷಣ ಅವರ ಕೈಗೆ ತೆಂಗಿನಕಾಯಿ, ವೀಳ್ಯದೆಲೆಯ ತಟ್ಟೆ ಬಂತು. ಬಂದವರಿಗೆಲ್ಲ ಕೊಡುವ ತಾಂಬೂಲವೆಂದು ಅವರು ತಿಳಿದರಂತೆ. ಕಾರಿನಲ್ಲಿ ನಾನು ಅಭಿನಂದನೆ ಹೇಳಿದ ಮೇಲೆಯೇ ಅವರಿಗೆ ತಮ್ಮ ನಿಶ್ಚಿತಾರ್ಥವಾದದ್ದು ಗೊತ್ತಾದದ್ದು. ಆಗಲೂ ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

ಎರಡು ದಿನ ಬಿಟ್ಟು ವಿಭಾಳೇ ಅವರಿಗೆ ಫೋನ್ ಮಾಡಿ ಕಿಲಿಮಾನಿಯ ಕಾಫಿ ಅಂಗಡಿಯೊಂದಕ್ಕೆ ಕರೆಸಿದಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತನಗೆ ಈ ಮದುವೆ ಬೇಡ ಎಂದು ನೇರವಾಗಿ ಹೇಳಿದಳು. ಆದರೆ ಹೆಂಡತಿ ಹೋದ ಮೇಲೆ ನಾಲ್ಕು ವರ್ಷ ಮಂಕಾಗಿದ್ದ ಅಪ್ಪ ತಾಂಬೂಲದ ದಿನದಿಂದ ಮನೆಯಲ್ಲಿ ಹಾಡಿಕೊಂಡು ಓಡಾಡುತ್ತಿದ್ದಾರೆ, ಅದನ್ನು ತನ್ನ ಬಾಯಿಂದ ನಿಲ್ಲಿಸಲಾರೆ; ಮುಹೂರ್ತ ನೋಡುವ ಭಾನುವಾರದೊಳಗೆ ನೀವೇ ಬೇಡವೆನ್ನಬೇಕು ಎಂದಳು. ಚಕ್ರಪಾಣಿಯವರು ‘ನೋಡೋಣ’ ಎಂದರು. ಅವಳು ಮೇಜಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಆ ಭಾನುವಾರಕ್ಕೆ ಮೊದಲು ಐದು ಶನಿವಾರ ಇದ್ದವು. ಐದೂ ಶನಿವಾರ ಪಾಠ ನಡೆಯಿತು. ಅವಳು ಕೇಕ್ ಚೂರು ಮುಂದೆ ತಳ್ಳಿ, ಬೇಡ ಎನ್ನಿ ಎನ್ನುವಳು. ಇವರು ತಿಂದುಬಿಡುವರು. ಮೂರನೆಯ ವಾರ ಭಾನುವಾರದ ಡ್ಯೂಟಿಗೆ ಬೇಡವೆಂದರಂತೆ. ನಾಲ್ಕನೆಯ ವಾರ ನನ್ನ ಮನೆಯ ಮೂರನೆಯ ದೋಸೆಗೆ ‘ಬೇಡ ಮೇಡಂ’ ಎಂದರು. ನನಗೆ ಉರಿದುಹೋಯಿತು, ಎರಡು ದಿನ ಅವರ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಅವರಿಗೆ ಇನ್ನೊಂದು ಕಷ್ಟ ಶುರುವಾಗಿತ್ತು. ಶನಿವಾರ ಬರಲಿ ಎಂದು ಸೋಮವಾರದಿಂದಲೇ ಕಾಯುತ್ತಿದ್ದರು. ವಿಭಾಳ ಮೇಲೆ ಮನಸ್ಸಾಗಿತ್ತು. ಸುಮ್ಮನಿದ್ದರೆ ಸಾಕು, ಮದುವೆ ತಾನಾಗಿ ಆಗುತ್ತಿತ್ತು. ಸುಮ್ಮನಿರುವುದೋ ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ.

ಮುಹೂರ್ತ ನೋಡುವ ಆ ಭಾನುವಾರ ಲೊರೆಶೋದಲ್ಲಿ ಲಕ್ಷ್ಮೀಕಾಂತರು ಪಂಚಾಂಗ ಬಿಡಿಸಿಕೊಂಡು ಕೂತಿದ್ದರು. ಆಗಸ್ಟ್ ಆಗಬಹುದಾ ಎಂದು ಕೇಳಿದರು. ಚಕ್ರಪಾಣಿಯವರು ಎದ್ದು ನಿಂತರು.

“ಬೇಡ ಸಾರ್. ಈ ಮದುವೆ ಬೇಡ.”

ನನ್ನ ಕೈಯ ಚಹಾ ಸೀರೆಗೆ ಚೆಲ್ಲಿತು. ಲಕ್ಷ್ಮೀಕಾಂತರು ಕನ್ನಡಕ ತೆಗೆದರು. ತಮ್ಮ ಮಗಳಲ್ಲಿ ಏನು ಕೊರತೆ ಕಂಡಿರಿ ಎಂದು ಕೇಳಿದರು.

“ಕೊರತೆ ಏನೂ ಇಲ್ಲ ಸಾರ್. ನಂಗೆ ಅವ್ರು ತುಂಬ ಇಷ್ಟ. ಆದ್ರೆ ಅವ್ರನ್ನ ಯಾರೂ ಒಂದ್ ಮಾತು ಕೇಳಿಲ್ಲ.”

ಹೌದಲ್ಲ. ಆ ಮನೆಗೆ ನಾನು ಆರು ಸಲ ಹೋಗಿದ್ದೆ. ಜಾತಕ ಕೇಳಿದ್ದೆ, ಸೀರೆಯ ಬಣ್ಣ ಕೇಳಿದ್ದೆ. ಹುಡುಗಿಯನ್ನು ಕೇಳಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ತಂದೆ ಮಗಳ ಕಡೆ ತಿರುಗಿ, ಕೇಳಬೇಕಿತ್ತಾ ಎಂದರು. ಅವಳು ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು:

“ಕೇಳ್ಬೇಕಿತ್ತು ಅಪ್ಪ. ನೀವು ಹಾಡ್ತಾ ಇದ್ರಿ... ಅದಕ್ಕೆ ನಾನು ಹೇಳಿಲ್ಲ.”

ಲಕ್ಷ್ಮೀಕಾಂತರು ಪಂಚಾಂಗ ಮುಚ್ಚಿಟ್ಟರು. ಆಮೇಲೆ, ಹಾಗಾದರೆ ಈಗ ಕೇಳುತ್ತೇನೆ, ಇವರು ನಿನಗೆ ಇಷ್ಟವಾ ಎಂದರು. ವಿಭಾ ಚಕ್ರಪಾಣಿಯವರನ್ನು ಒಮ್ಮೆ ನೋಡಿದಳು. ಕೇಳಬೇಕಾದವರು ನೀವಲ್ಲ, ಅವರೇ ಕೇಳಲಿ ಎಂದಳು.

ಅವರು ಕೇಳಿದರು. ಮುಖವೆಲ್ಲ ಬೆವರು, ನಮ್ಮೆಲ್ಲರ ಎದುರೇ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು.

“ಈ ವರ್ಷ ಇಲ್ಲ,” ಎಂದಳು ವಿಭಾ. “ನೆಕ್ಸ್ಟ್ ಇಯರ್ ಇನ್ನೊಂದ್ಸಲ ಕೇಳಿ. ನೀವೇ ಬಂದು ಕೇಳಿ, ಇವ್ರನ್ನೆಲ್ಲ ಕರ್ಕೊಂಡು ಬರ್ಬೇಡಿ.”

ಇವರನ್ನೆಲ್ಲ ಎನ್ನುವಾಗ ಅವಳು ನೋಡಿದ್ದು ನನ್ನೊಬ್ಬಳನ್ನೇ.