ಸೊಸೆಯ ಕಣ್ಣು ಮತ್ತು ನನ್ನ ಬೀಡಿ

ನಮ್ಮ ಮನೆಯಲ್ಲಿ ಸೊಸೆ ಮಾವನ ಮುಖ ನೋಡಿ ಮಾತಾಡುವ ಪದ್ಧತಿ ಇರಲಿಲ್ಲ. ಹಣೆಯ ತನಕ ಸೆರಗು, ನೆಲದ ಮೇಲೆ ನೋಟ. ನನ್ನ ಸೊಸೆಯೂ ಹಾಗೇ ಇದ್ದವಳು. ಮದುವೆಯಾಗಿ ಕೆಲ ವರ್ಷಕ್ಕೆ ಅವಳ ಕಣ್ಣು ದೊಡ್ಡವಾಗತೊಡಗಿದವು. ಚಹಾ ಕೊಡುವಾಗ ನನ್ನನ್ನೇ ದಿಟ್ಟಿಸಿದಂತೆ ಕಾಣುತ್ತಿತ್ತು. ಸೊಕ್ಕು ಬಂದಿದೆ ಎಂದುಕೊಂಡೆ.

"ಯಾರಿಗೆ ಕಣ್ಣ ಕಿಸೀತಿ? ಸೆರಗು ಕೆಳಗ ಎಳಕೋ," ಎಂದೆ.

"ನಾ ಹಂಗ ನೋಡಿಲ್ರಿ ಮಾಮಾರ. ರೆಪ್ಪಿ ಮುಚ್ಚಾಕ ಬರವಲ್ದು."

ಎದುರು ಮಾತು ಬೇರೆ ಎಂದು ಇನ್ನಷ್ಟು ಸಿಟ್ಟಾಯಿತು. ಅವಳ ಮೈ ಇಳಿದಿತ್ತು, ಕೈ ನಡುಗುತ್ತಿತ್ತು. ನಿದ್ದೆಯಲ್ಲೂ ಕಣ್ಣು ಅರ್ಧ ತೆರೆದೇ ಇರುತ್ತವೆ ಎಂದು ಮಗ ಹೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಡಿ ಪಟ್ಟಣದ ಹತ್ತಿರ ನಮ್ಮದು ಲಿಂಬೆ ತೋಟ. ಆರಿಸಿ ತಂದ ಲಿಂಬೆಯನ್ನು ಪಡಸಾಲೆಯಲ್ಲಿ ಸುರುವಿ, ಹಳದಿ ಬೇರೆ ಹಸಿರು ಬೇರೆ ಮಾಡುವುದು ಅವಳ ಕೆಲಸ. ನಾನು ಎದುರಿಗೆ ಕೂತು ಬೀಡಿ ಸೇದುತ್ತಿದ್ದೆ. ಒಂದು ದಿನ ಎರಡನ್ನೂ ಕಲೆಸಿ ಚೀಲ ತುಂಬಿಬಿಟ್ಟಳು.

"ಇಷ್ಟು ದೊಡ್ಡ ಕಣ್ಣ ಅದಾವು, ಹಣ್ಣು ಯಾವುದು ಕಾಯಿ ಯಾವುದು ತಿಳಿಯಂಗಿಲ್ಲೇನು?"

"ಎಲ್ಲಾ ಬೂದಿ ಬಣ್ಣದಂಗ ಕಾಣಾಕತ್ತಾವ್ರಿ," ಎಂದು ಅತ್ತಳು.

ಅಂದೇ ಮಗ ಅವಳನ್ನು ವಿಜಯಪುರದ ಆಸ್ಪತ್ರೆಗೆ ಕರೆದೊಯ್ದ. ನಾನೂ ಹೋದೆ. ಇದು ಥೈರಾಯ್ಡ್ ರೋಗ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬಿದ್ದಿದೆ, ಕಣ್ಣಿನ ಹಿಂದಿನ ಸ್ನಾಯುಗಳು ಬಾತು ಗುಡ್ಡೆಗಳನ್ನು ಮುಂದೆ ತಳ್ಳಿವೆ, ನರವನ್ನೂ ಒತ್ತುತ್ತಿವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೊಗೆ ಇದಕ್ಕೆ ಬಹಳ ಕೆಟ್ಟದ್ದು, ಪಕ್ಕದವರು ಬಿಡುವ ಹೊಗೆಯೂ ಕೂಡ ಎಂದರು.

"ಮನ್ಯಾಗ ಯಾರರ ಬೀಡಿ, ಸಿಗರೇಟ್ ಸೇದ್ತಾರೇನವ್ವ?"

"ಯಾರೂ ಇಲ್ರಿ," ಎಂದಳು ಸೊಸೆ. ಪರರೆದುರು ಮಾವನ ಮರ್ಯಾದೆ ಹೋಗಬಾರದೆಂದು. ಬೀಡಿ ಕಟ್ಟು ನನ್ನ ಕಿಸೆಯಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಮಗನೂ ಸುಮ್ಮನಿದ್ದ, ಅವನಿಗೆ ನನ್ನ ಅಂಜಿಕೆ.

ಇಂಜೆಕ್ಷನ್, ಗುಳಿಗೆ ಶುರುವಾದವು. ಮನೆಯಲ್ಲಿ ಮಾತ್ರ ಅದೇ ಪಡಸಾಲೆ, ಅದೇ ಬೀಡಿ. ಬಿಟ್ಟರೆ ತಪ್ಪು ನನ್ನದೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಹಟ. ಎಡಗಣ್ಣು ದಿನೇ ದಿನೇ ಮಂಜಾಗಿ ಕತ್ತಲೆಯಾಯಿತು. ಆಪರೇಷನ್ ಮಾಡಿ ಬಲಗಣ್ಣು ಉಳಿಸಿದರು. ಎಡದ್ದು ಬರಲಿಲ್ಲ. ಹೊಗೆಯಿಂದಲೇ ಹೋಯಿತೆಂದು ಡಾಕ್ಟರಮ್ಮ ಹೇಳಲಿಲ್ಲ. ಮನೆಯಲ್ಲಿ ಬೀಡಿ ಸೇದುವವರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅವಳ ಹಾಸಿಗೆಯ ಪಕ್ಕ ನಿಂತು, "ಬೀಡಿ ಬಿಡ್ತೀನವ್ವ," ಎಂದೆ.

ಅವಳು ಗೋಡೆಯ ಕಡೆ ಹೊರಳಿದಳು. "ಇನ್ನ ಯಾಕ್ ಬಿಡ್ತೀರಿ," ಎಂದಳು. "ಸೇದ್ರಿ ಮಾಮಾರ."